ಕೂತು ನೋಡಿ ಕುರ್ಚಿ ಹಾಕುತ್ತಿದ್ದವರು

ಶಹಾಬಾದಿನಿಂದ ಫರಸಿ ಕಲ್ಲು ತರುವ ಲಾರಿಯ ಡ್ರೈವರ್ ಮೊನ್ನೆ ಸೇಡಮಿನಲ್ಲಿ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕೆಳಗಿಳಿಯದೆಯೇ ಕೂಗಿ ಹೇಳಿದ: "ಅಣ್ಣೋರೆ, ನಿಮ್ಮ ಫರಾಶ ಚಾಚಾ ಹೋದ್ರಂತ್ರಿ. ಹೋದ ಶುಕ್ರವಾರನೇ ಮಣ್ಣಾತಂತ."

ನಾನು ಮದುವೆಯೊಂದಕ್ಕೆ ಕಳಿಸಬೇಕಾದ ಕಬ್ಬಿಣದ ಕುರ್ಚಿಗಳನ್ನು ಎಣಿಸುತ್ತಿದ್ದೆ. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ, ಮತ್ತೆ ತಪ್ಪಿತು. ಆ ಕೆಲಸ ಆಳಿಗೆ ಒಪ್ಪಿಸಿ ಒಳಗೆ ಹೋಗಿ ಕೂತೆ. ಅವರು ಹೋದದ್ದಕ್ಕಿಂತ ಡ್ರೈವರ್ ಅಂದ 'ನಿಮ್ಮ' ಎಂಬ ಮಾತು ನನ್ನನ್ನು ಹೆಚ್ಚು ಕಾಡಿತು. ಇಪ್ಪತ್ತು ವರ್ಷದಿಂದ ನಾನು ಅವರ ಮುಖ ನೋಡಿಲ್ಲ. ಆದರೂ ಶಾಮಿಯಾನದ ಧಂದೆ ಮಾಡುವ ನನ್ನನ್ನು ಈ ಭಾಗದ ಜನ ಇನ್ನೂ ಅವರಿಂದಲೇ ಗುರುತಿಸುತ್ತಾರೆ. ಫರಾಶ ಚಾಚಾನ ಕೈಯಾಗ ಕಲಿತಾಂವ, ಅನ್ನುತ್ತಾರೆ. ಅದು ಖರೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಲ್ಲಿಂದ ಈಚೆಗೆ ದುಡಿದೇ ಉಂಡಿದ್ದೇನೆ, ಯಾರ ಮುಂದೂ ಕೈ ಚಾಚಿಲ್ಲ, ಯಾರ ಮುಂದೂ ತಲೆ ಬಾಗಿಸಿಲ್ಲ. ಆದರೆ ಕಲಿತ ವಿದ್ಯೆ ಮಾತ್ರ ಅವರದು.

ಫರಾಶ ಎಂಬುದು ಹೆಸರಲ್ಲ, ನೌಕರಿ. ನಿಜಾಮರ ಕಾಲದಲ್ಲಿ ತಹಸೀಲ ಕಚೇರಿಗೊಬ್ಬ ಫರಾಶ ಇರುತ್ತಿದ್ದ. ಜಮಖಾನ ಹಾಸುವುದು, ಡೇರೆ ಹೊಡೆಸುವುದು, ಸಾಹೇಬರು ಊರೂರು ತಿರುಗಲು ಹೊರಟರೆ ಒಂದು ದಿನ ಮುಂಚೆ ಹೋಗಿ ಅವರು ಕೂರುವ ಜಾಗ ಸಿದ್ಧ ಮಾಡುವುದು ಅವನ ಪಾಲಿನ ಕೆಲಸ. ಚಿತ್ತಾಪುರದ ತಹಸೀಲಿನಲ್ಲಿ ಚಾಚಾ ಆ ಕೆಲಸಕ್ಕೆ ಸೇರಿ ಆಗಲೇ ಇಪ್ಪತ್ತೈದು ವರ್ಷ ದಾಟಿತ್ತು. ಅವರ ಕೈಕೆಳಗೆ ಡೇರೆಯ ಆಳಾಗಿ ನಾನು ಸೇರಿದಾಗ ನನಗೆ ಇಪ್ಪತ್ತನಾಲ್ಕು, ಎರಡು ಮಕ್ಕಳ ತಂದೆ. ರಾವೂರಿನ ಕಲ್ಲಿನ ಗಣಿಯಲ್ಲಿ ಹಾರೆ ಹಿಡಿದು ಬೆಳೆದ ಮೈ. ಗೂಟ ಹೊಡೆಯುವುದೇನು ಮಹಾ ಎಂದುಕೊಂಡು ಹೋದವನು.

ಮೊದಲ ದಿನವೇ ನನ್ನ ಸೊಕ್ಕು ಮುರಿಯಿತು. ನಾನು ಹಾಕಿದ ಹನ್ನೆರಡು ಕುರ್ಚಿಗಳನ್ನು ಚಾಚಾ ಒಮ್ಮೆ ನೋಡಿದರು. ಕಡ್ಡಿಯಂಥ ಆಳು, ಕಚೇರಿಯ ಹಳೆಯ ಖಾಕಿ ಕೋಟು, ತಲೆಗೆ ಕರಿ ಟೋಪಿ. ಟೋಪಿ ತೆಗೆದರು, ಮೊದಲನೆಯ ಕುರ್ಚಿಯಲ್ಲಿ ಕೂತರು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಕಣ್ಣು ಮುಚ್ಚಿ ನಾಲ್ಕಾರು ಸಲ ಉಸಿರಾಡಿದರು. ಎದ್ದು ಕುರ್ಚಿಯನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದರು. ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ಎರಡನೆಯದಕ್ಕೆ ಹೋದರು. ಹನ್ನೆರಡೂ ಆಗುವ ಹೊತ್ತಿಗೆ ನನಗೆ ಬೇಸರ ಬಂತು.

"ಕುರ್ಚಿ ಅಂದ್ರ ಕುರ್ಚಿ ಅಲ್ಲೇನ್ರಿ ಚಾಚಾ? ಎಲ್ಲಾ ಒಂದೇ ಬಡಗ್ಯಾ ಮಾಡಿದ್ದು."

"ಕುರ್ಚಿ ಒಂದೇ ಇರ್ತಾವ ಬೇಟಾ. ಜಗಾ ಒಂದೇ ಇರಂಗಿಲ್ಲ. ಕುಂತು ನೋಡದೇ ಕುಂದ್ರಿ ಅಂತ ಮಂದಿಗೆ ಹ್ಯಾಂಗ ಅಂತಿ?"

ಟೋಪಿ ಯಾಕೆ ತೆಗೆದಿರಿ ಎಂದು ಕೇಳಿದೆ. "ನನ್ನ ಕುರ್ಚಿ ಅಲ್ಲಲಾ," ಎಂದರು.

ಆಮೇಲೆ ಒಂದೊಂದಾಗಿ ಕಲಿತೆ. ಸಭೆ ಸಂಜೆ ನಾಲ್ಕಕ್ಕಿದ್ದರೆ ಹಿಂದಿನ ದಿನ ನಾಲ್ಕಕ್ಕೇ ಅಲ್ಲಿ ಹಾಜರಿರಬೇಕು. ಕಟ್ಟಿಗೆ ನೆಟ್ಟು, ಅದರ ನೆರಳು ಎಲ್ಲಿ ಬಿತ್ತೋ ಅಲ್ಲಿ ಸುಣ್ಣದ ಗೆರೆ ಎಳೆಯಬೇಕು. ಮರುದಿನ ಬಿಸಿಲು ಎಲ್ಲಿಗೆ ಬರುತ್ತದೆಂದು ಆ ಗೆರೆ ಹೇಳುತ್ತದೆ. ಶಹಾಬಾದದ ಗಣಿಯ ಕಡೆ ಮುಖ ಮಾಡಿ ಮಧ್ಯಾಹ್ನ ಯಾರನ್ನೂ ಕೂರಿಸಬಾರದು. ಮೇಲೆ ನೆರಳಿದ್ದರೂ ಕೆಳಗೆ ಹರಡಿದ ಕಲ್ಲು ಬೆಳಕನ್ನು ತಿರುಗಿಸಿ ಕಣ್ಣಿಗೆ ಹೊಡೆಯುತ್ತದೆ. ತೆಂಗಳಿಯ ಕುಸ್ತಿಗೆ ಹೋದರೆ ಮಣ್ಣಿನ ಅಖಾಡದ ಮೂಡಣ ದಿಕ್ಕಿನಲ್ಲಿ ಕುರ್ಚಿ ಹಾಕುವವನು ಹುಚ್ಚ. ಸಾಯಂಕಾಲ ಸೂರ್ಯ ಕಣ್ಣಿಗೆ ಬಡಿದು, ಬಿದ್ದವನ ಬೆನ್ನು ನೆಲಕ್ಕೆ ಹತ್ತಿತೋ ಇಲ್ಲವೋ ಕಾಣುವುದಿಲ್ಲ. ತೀರ ಮುಂದೆಯೂ ಬೇಡ, ಪೈಲವಾನರು ತೂರುವ ಮಣ್ಣು ಬಾಯಿಗೆ ಬರುತ್ತದೆ. "ಎಲ್ಲಾರೂ ಮುಂದಿನ ಸಾಲು ಮುಂದಿನ ಸಾಲು ಅಂತ ಸಾಯ್ತಾರ. ಕುಸ್ತಿ ನೋಡಬೇಕಂದ್ರ ನಾಕನೇ ಸಾಲು," ಎನ್ನುತ್ತಿದ್ದರು.

ಮಾತಿನ ಸಭೆಯಾದರೆ ಬೇರೆ ಲೆಕ್ಕ. ನನ್ನನ್ನು ವೇದಿಕೆಯ ಮೇಲೆ ನಿಲ್ಲಿಸಿ ಏನಾದರೂ ಮಾತಾಡು ಎನ್ನುತ್ತಿದ್ದರು. ನನಗೆ ಭಾಷಣ ಎಲ್ಲಿ ಬರಬೇಕು? ಹಿಂದಿನ ದಿನ ನನ್ನ ಹೆಂಡತಿ ನನಗೆ ಬೈದದ್ದನ್ನೇ ಒದರುತ್ತಿದ್ದೆ. ಅವರು ಒಂದೊಂದು ಕುರ್ಚಿಯಲ್ಲಿ ಕೂತು ಕೇಳುತ್ತ, ಕೊನೆಗೆ ಒಂದು ಕಡೆ ನಿಂತು ಕೂಗುತ್ತಿದ್ದರು: "ನಿನ್ನ ಹೇಣ್ತಿ ಬೈಗಳು ಇಲ್ಲಿ ಬರಾಬರ್ ಕೇಳ್ಲಿಕತ್ತಾವ. ತಹಸೀಲದಾರ ಸಾಹೇಬ್ರಿಗೆ ಇಲ್ಲೇ ಹಾಕು!"

ವಾಡಿ ಜಂಕ್ಷನ್ನಿನಲ್ಲಿ ಸಾಹೇಬರಿಗೆ ರೈಲು ಹತ್ತಿಸುವುದೂ ನಮ್ಮದೇ ಕೆಲಸ. ಗಾಡಿ ಬರುವ ಮೊದಲು ಚಾಚಾ ಮುಖ ಎತ್ತಿ ಗಾಳಿ ನೋಡುತ್ತಿದ್ದರು. ಇಂಜಿನ್ನಿನ ಹೊಗೆ ಇವತ್ತು ಯಾವ ಮಗ್ಗುಲಿಗೆ ಬೀಳುತ್ತದೆ, ಬಿಸಿಲು ಯಾವ ಮಗ್ಗುಲಿಗೆ, ಎರಡೂ ಇಲ್ಲದ ಕಿಟಕಿ ಯಾವುದು ಎಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡು, ಗಾಡಿ ನಿಲ್ಲುವುದಕ್ಕೆ ಮುಂಚೆಯೇ ಆ ಕಿಟಕಿಯೊಳಗೆ ತಮ್ಮ ವಸ್ತ್ರ ಎಸೆಯುತ್ತಿದ್ದರು. ಸುಲೇಪೇಟದ ಬಸ್ಸಿನಲ್ಲಿ ಹಿಂದಿನ ಗಾಲಿಯ ಮೇಲಿನ ಸೀಟು ಬಸುರಿ ಹೆಂಗಸಿಗೆ ಬಾರದಂತೆ ನೋಡಿಕೊಳ್ಳುವುದು ಯಾವ ಕಚೇರಿಯೂ ಅವರಿಗೆ ಹೇಳಿದ ಕೆಲಸವಲ್ಲ. ಆದರೂ ಹತ್ತುವ ಮುಂಚೆ ಕಣ್ಣು ಆಡಿಸುತ್ತಿದ್ದರು. "ತಂಗೀ, ಅಲ್ಲಿ ಬ್ಯಾಡವ್ವಾ. ಅದು ಕುಣೀತದ. ಮುಂದ ಬಾ." ಯಾರನ್ನೋ ಎಬ್ಬಿಸಿ ಬೈಸಿಕೊಳ್ಳುತ್ತಿದ್ದರು.

ಇನ್ನೊಂದು ಹೇಳಬೇಕು. ಆಗ ಎಲ್ಲ ಸಭೆಗಳಲ್ಲೂ ಹಿಂದೆ ಒಂದು ಹಗ್ಗ ಕಟ್ಟುತ್ತಿದ್ದೆವು. ಹೊಲಗೇರಿಯ ಮಂದಿ ಆ ಹಗ್ಗದಾಚೆ ನಿಲ್ಲಬೇಕು. ಚಾಚಾ ಆ ಹಗ್ಗ ಕಟ್ಟುವ ಮೊದಲು ಮೈದಾನವನ್ನೆಲ್ಲ ಸುತ್ತಿ, ನೆಲ ಎಲ್ಲಿ ಸ್ವಲ್ಪ ಏರಿದೆಯೋ ಅಲ್ಲಿಗೇ ಕಟ್ಟಿಸುತ್ತಿದ್ದರು. ಕುರ್ಚಿಯವರಿಗಿಂತ ಅವರಿಗೇ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಗೇ ಯಾಕೆಂದು ಒಮ್ಮೆ ನಾನು ಕೇಳಿದೆ. "ಹಗ್ಗ ಕಟ್ಟಬ್ಯಾಡ ಅನ್ಲಿಕ್ಕ ನಾ ಯಾರು? ಎಲ್ಲಿ ಕಟ್ಟಬೇಕು ಅನ್ನೋದು ನನ್ನ ಕೆಲಸ. ಅದರಾಗ ಯಾರೂ ಬಾಯಿ ಹಾಕಂಗಿಲ್ಲ," ಎಂದರು. ನಮ್ಮ ಮನೆ ಬಸವಣ್ಣನ ಹೆಸರು ಹೇಳಿ ಉಣ್ಣುವ ಮನೆ. ಆ ಮಾತು ಕೇಳಿ ನನಗೆ ನಾಚಿಕೆಯಾಯಿತೆಂದು ಹೇಳಿದರೆ ಸುಳ್ಳಾದೀತು. ಆಗ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಆಯಿತು.

ಹೈದರಾಬಾದಿನ ಮೇಲೆ ದಂಡು ಬಂದ ಆ ವಾರ ನಮ್ಮ ಊರಿನ ಮೇಲೆ ವಿಮಾನ ಹಾರಿತು. ಜನ ಹೆದರಿ ಮನೆ ಸೇರಿದರು. ಚಾಚಾ ಕಚೇರಿಯ ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿ ನನ್ನನ್ನು ಕೇಳಿದರು.

"ಅದರೊಳಗೂ ಮಂದಿ ಕುಂದರ್ತಾರೇನ್ಲಾ ಶಿವರಾಯ?"

"ಕುಂದರ್ತಾರಂತ್ರಿ. ಸಾಲಾಗಿ ಕುರ್ಚಿ ಹಾಕಿರ್ತಾರಂತ."

"ಹಂಗಿದ್ರ ಅದರಾಗೂ ಛಲೋ ಜಗಾ, ಕೆಟ್ಟ ಜಗಾ ಅಂತ ಇರ್ತಾವ. ರೆಕ್ಕೀ ಪಕ್ಕ ಕುಂತಾಂವಗ ನೆಲಾ ಕಾಣಂಗಿಲ್ಲ. ಹೋದಷ್ಟೂ ದೂರ ಬರೇ ತಗಡು ನೋಡಕೋತ ಹೋಗಬೇಕು, ಪಾಪ." ವಿಮಾನ ಮರೆಯಾದ ಮೇಲೂ ಆ ಕಾಣದ ಮನುಷ್ಯನ ಬಗ್ಗೆ ಅವರು ಯೋಚನೆ ಮಾಡುತ್ತ ನಿಂತಿದ್ದರು. ತಮಗೆ ಮುಂದೆ ಏನಾದೀತೆಂಬ ಯೋಚನೆ ಅವರ ಮುಖದಲ್ಲಿ ಇರಲಿಲ್ಲ. ಇರಬೇಕಾಗಿತ್ತು.

ಯಾಕೆಂದರೆ ಅದೇ ವರ್ಷದ ಬೇಸಿಗೆಯಲ್ಲಿ, ಹಾವಳಿಯ ದಿನಗಳಲ್ಲಿ, ಚಿತ್ತಾಪುರದ ಮೈದಾನದಲ್ಲಿ ಇನ್ನೊಂದು ಸಭೆ ನಡೆದಿತ್ತು. ನಿಜಾಮರ ಪರವಾಗಿ ಖಾಕಿ ತೊಟ್ಟು ಕತ್ತಿ ಹಿಡಿದು ಹಳ್ಳಿ ಸುಲಿಯುತ್ತಿದ್ದವರ ಸಭೆ. ಅವರ ಮುಖಂಡನೊಬ್ಬ ಬರುತ್ತಾನೆ, ಕುರ್ಚಿ ಹಾಕಿಸು ಎಂದು ಕಚೇರಿಯಿಂದ ಹುಕುಂ ಬಂತು. ಚಾಚಾ ಹಾಕಿಸಿದರು. ನಾನು ಜಮಖಾನ ಹಾಸಿದೆ. ಯಾವ ಸಭೆಯಾದರೂ ಅವರ ಪದ್ಧತಿ ಒಂದೇ. ಜನ ಬರುವುದಕ್ಕೆ ಒಂದು ತಾಸು ಮುಂಚೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಮುಂದಿನ ಸಾಲಿನ ಒಂದೊಂದು ಕುರ್ಚಿಯಲ್ಲೂ ಕೂತು ಎದ್ದರು. ಸಭೆ ಶುರುವಾದಾಗ ನಾವಿಬ್ಬರೂ ಹಿಂದಿನ ಕಂಬದ ಹತ್ತಿರ ನಿಂತಿದ್ದೆವು. ಮುಗಿಯುವ ತನಕ ಅಲ್ಲೇ ಇದ್ದೆವು.

ಆ ಮುಂದಿನ ಸಾಲಿನಲ್ಲಿ ಊರಿನಲ್ಲಿ ಕಾಳು ಕೊಂಡು ಮಾರುವ ಅಡತಿ ಅಂಗಡಿಯ ಸಾಹುಕಾರರೂ ಕೂತಿದ್ದರು. ಬಲಗಡೆ ತುದಿಯ ಕುರ್ಚಿ. ಅವರೇನು ಮನಸ್ಸಿನಿಂದ ಬಂದಿದ್ದರೋ, ಬಾರದಿದ್ದರೆ ಅಂಗಡಿಗೆ ಬೆಂಕಿ ಬಿದ್ದೀತೆಂದು ಬಂದಿದ್ದರೋ, ನನಗೆ ಗೊತ್ತಿಲ್ಲ. ಹೆದರಿಯೇ ಬಂದಿರಬೇಕು. ಕೊರಳಿಗೆ ಹಾರ ಹಾಕಿಸಿಕೊಂಡು ಕೂತಿದ್ದರು. ಶಾಮಿಯಾನದ ಅಂಚಿನಿಂದ ಬಿಸಿಲು ಬಂದು ಅವರ ಒಂದು ಕೆನ್ನೆ ಕೆಂಪಾಗಿತ್ತು. ಸುಣ್ಣದ ಗೆರೆ ಎಳೆಯಲು ಆ ಸಲ ನಮಗೆ ಒಂದು ದಿನದ ಸಮಯ ಕೊಟ್ಟಿರಲಿಲ್ಲ. ಅದೇ ಚಾಚಾನ ಕೊರಗು. ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದರು: "ಸಾಹುಕಾರ್ರಿಗೆ ಬಿಸಲ ಬಡೀಲಿಕತ್ತದ. ತಪ್ಪಾತು ನಂದು."

ದಂಡು ಬಂತು, ನಿಜಾಮರ ರಾಜ್ಯ ಹೋಯಿತು. ಮರುವರ್ಷ ಅದೇ ಮೈದಾನದಲ್ಲಿ ಹೊಸ ಬಾವುಟ ಏರಿಸುವ ಸಭೆ. ಸಾಹುಕಾರರ ತಲೆಯ ಮೇಲೆ ಬಿಳಿ ಟೋಪಿ ಬಂದಿತ್ತು, ಸ್ವಾಗತ ಮಾಡುವವರೇ ಅವರು. ಹೊರಗಿನಿಂದ ಬಂದ ಹೊಸ ಸಾಹೇಬರನ್ನು ಕರೆತಂದು, ಊರಿನ ಹತ್ತಾರು ಹಿರಿಯರ ನಡುವೆ ನಿಂತು, ಚಾಚಾನನ್ನು ಕರೆದು ಕೇಳಿದರು: "ಏ ಫರಾಶ, ನನ್ನ ಕುರ್ಚಿ ಎಲ್ಲಿ ಹಾಕಿದಿ?"

ಚಾಚಾ ಎರಡೂ ಕೈ ಜೋಡಿಸಿ, ಮುಖ ಅರಳಿಸಿ, ತಮ್ಮ ಕೆಲಸದ ಹೆಮ್ಮೆಯಿಂದ ಹೇಳಿದರು: "ಈ ಸಲ ಎಡಕ್ಕ ಹಾಕೀನ್ರಿ ಸಾಹುಕಾರ್ರೆ. ಹೋದ ಸಭಾಕ್ಕ ನಿಮಗ ಬಲಗಡಿ ತುದೀಗೆ ಕುಂದ್ರಿಸಿದ್ದೆ. ಬಿಸಲು ಬಡದು ಭಾಳ ತ್ರಾಸಾತು ನಿಮಗ. ಇವತ್ತು ಆ ತ್ರಾಸ ಇಲ್ಲರಿ. ನಾನೇ ಕುಂತು ನೋಡೀನಿ."

ಹೋದ ಸಭೆ ಯಾವುದೆಂದು ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಒಬ್ಬ ಹಿರಿಯರು ಮುಖ ತಿರುಗಿಸಿ ಬಾವುಟದ ಕಂಬ ನೋಡಿದರು. ಸಾಹುಕಾರರು ನಕ್ಕರು. ಹಲ್ಲು ಮಾತ್ರ ಕಂಡವು. ಹೊಸ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ, ಅವರೂ ಏನೋ ಒಳ್ಳೆಯ ಮಾತಿರಬೇಕೆಂದು ನಕ್ಕರು.

ಎಲ್ಲರೂ ಕೂತ ಮೇಲೆ ನಾನು ಚಾಚಾನ ತೋಳು ಹಿಡಿದು ಹಿಂದಕ್ಕೆ ಎಳೆದೆ. "ಏನು ಅಂದ್ರಿ ಚಾಚಾ? ಯಾವ ಸಭಾ, ಏನು ಕಥಿ, ಖಬರ್ ಅದ ಏನು ನಿಮಗ?"

ಅವರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಬಾಯಿಗೆ ವಸ್ತ್ರ ಹಿಡಿದರು. "ಯಾ ಅಲ್ಲಾ. ನಾ ಬಿಸಲಿನ ಮಾತು ಹೇಳಿದ್ದೋ."

ತಿಂಗಳೊಳಗೆ ಕಚೇರಿಗೆ ಅರ್ಜಿ ಬಂತು. ಕೆಳಗೆ ಹೆಸರಿರಲಿಲ್ಲ. ಈ ಸರ್ಕಾರಿ ನೌಕರ ಖಾಕಿಯವರ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ, ಅವರ ಪೈಕಿಯವನೇ, ಎಂದು ಬರೆದಿತ್ತು. ಆ ದಿನಗಳಲ್ಲಿ ಅಂಥ ಒಂದು ಅರ್ಜಿ ಸಾಕು. ಕೆಲಸ ಹೋಗುತ್ತಿತ್ತು, ಜೊತೆಗೆ ಪಿಂಚಣಿಯೂ. ಕೆಲವರನ್ನು ಹಿಡಿದುಕೊಂಡೂ ಹೋದರು. ಚಾಚಾನಿಗೆ ಪಿಂಚಣಿಗೆ ಮೂರೇ ವರ್ಷ ಉಳಿದಿತ್ತು.

ಸಾಹೇಬರು ಕರೆದು ಕೇಳಿದರಂತೆ, ಕೂತಿದ್ದೆಯಾ ಎಂದು. "ಕುಂತಿದ್ದೆ ಅಂದೆ," ಎಂದು ಚಾಚಾ ನನಗೆ ಜಮಖಾನ ಸುತ್ತುತ್ತ ಹೇಳಿದರು. "ಎಲ್ಲಾ ಕುರ್ಚ್ಯಾಗೂ ಕುಂತಿದ್ದೆ ಅಂದೆ. ಅದಕ್ಕ ಬಾಜೂಕ ಕಾಗದ ಬರಕೋತ ಕುಂತ ಪೇಶಕಾರ ನಕ್ಕ. ಚೇಷ್ಟಿ ಮಾಡ್ತೀಯೇನು ಅಂದ್ರು ಸಾಹೇಬ್ರು."

"ಮುಂದಿನ ಸಾಲಿನಾಗ ಖರೇ ಕುಂತವರು ಯಾರು ಅಂತ ಹೇಳಬೇಕಿತ್ತಿಲ್ಲರಿ?"

"ಕೇಳಿದ್ರು. ಕುರ್ಚಿ ಹಾಕೋದು ನನ್ನ ಕೆಲಸ, ಕುಂತವರ ಹೆಸರು ಹೇಳೋದು ನನ್ನ ಕೆಲಸ ಅಲ್ಲರಿ ಅಂದೆ." ಜಮಖಾನದ ತುದಿಗೆ ದಾರ ಬಿಗಿದು, ನನ್ನ ಬೆನ್ನಿಗೆ ತಟ್ಟಿದರು. "ಚಿಂತಿ ಇಲ್ಲ. ಶಿವರಾಯ ನನ್ನ ಸಂಗಾಟ ಇದ್ದ, ಅವನಿಗೆ ಕೇಳ್ರಿ ಅಂದೀನಿ. ಸೋಮವಾರ ನಿನಗ ಕರೀತಾರ. ಹೇಳಿ ಬಂದುಬಿಡು."

ಶನಿವಾರ ಸಂತೆಯಲ್ಲಿ ಸಾಹುಕಾರರು ಅಂಗಡಿಯಿಂದ ನನ್ನನ್ನು ಕರೆದರು. "ಬಾ ಶಿವರಾಯ, ಬಾ. ಅಲ್ಲ್ಯಾಕ ನಿಂತಿ? ಮ್ಯಾಲ ಕುಂದ್ರು." ತಮ್ಮ ಪಕ್ಕದ ಬಿಳಿ ಗಾದಿ ತೋರಿಸಿದರು. ತೊಗರಿಯ ಚೀಲ ಹೊತ್ತು ಬಂದಾಗ ಆ ಅಂಗಡಿಯ ಕಟ್ಟೆಯ ಕೆಳಗೆ ನಿಂತವನು ನಾನು. ನನ್ನಂಥವನನ್ನು ಆ ಗಾದಿಯ ಮೇಲೆ ಯಾರೂ ಕೂರಿಸಿರಲಿಲ್ಲ. ಕಾಲು ಒರೆಸಿಕೊಂಡು ಕೂತೆ. ಬೀದಿಯಲ್ಲಿ ಹೋಗುವವರು ನೋಡಿದರು. ಮೈ ಸ್ವಲ್ಪ ಉಬ್ಬಿತು. ಇದನ್ನು ಮುಚ್ಚಿಡುವುದಿಲ್ಲ.

"ಸೋಮವಾರ ಕರದಾರಂತ?"

"ಹೌದ್ರಿ."

"ಕಚೇರಿ ಮಂದಿ ಮುಂದ ಕೇಳಿದಷ್ಟಕ್ಕ ಹೇಳಬೇಕಪಾ. ಅವರು ಕೇಳದ್ದು ನಾವು ಹೇಳ್ಲಿಕ್ಕ ಹೋದ್ರ ನಮ್ಮ ಹೆಸರೂ ಕಾಗದದ ಮ್ಯಾಲ ಬರ್ತದ." ಅಡಿಕೆ ಕತ್ತರಿಸಿ ನನ್ನ ಕೈಗೆ ಕೊಟ್ಟರು. "ಆ ದಿನಾ ಜಮಖಾನಾ ಹಾಸಿದಾಂವ ನೀನೇ ಹೌದಿಲ್ಲೊ? ಮಕ್ಕಳು ಎಷ್ಟು ಈಗ, ಮೂರೇನು?"

ಅಷ್ಟೇ.

ಸೋಮವಾರ ಕಚೇರಿಯ ಹೊರಗಿನ ಮರದ ಬಾಕಿನ ಮೇಲೆ ಸಾಹುಕಾರರು ಕೂತಿದ್ದರು, ಬೇರೆ ಯಾವುದೋ ಕೆಲಸಕ್ಕೆ ಬಂದವರ ಹಾಗೆ. ಒಳಗೆ ಸಾಹೇಬರು, ಮಗ್ಗುಲಿಗೆ ಪೇಶಕಾರ. ಗೋಡೆಗೆ ಹೊಂದಿ ಚಾಚಾ ನಿಂತಿದ್ದರು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು. ಸಾಹೇಬರು ಕೇಳಿದ್ದನ್ನು ಪೇಶಕಾರ ಕನ್ನಡ ಮಾಡಿ ಕೇಳಿದ.

"ಈ ಮನುಷ್ಯಾ ಆ ಸಭಾದಾಗ ಕುರ್ಚಿ ಮ್ಯಾಲ ಕುಂತದ್ದು ನೀ ನೋಡೀಯೇನು?"

"ನೋಡೀನ್ರಿ."

"ಮುಂದಿನ ಸಾಲಿನಾಗ?"

"ಹೌದ್ರಿ."

ಪೇಶಕಾರ ಬರೆದುಕೊಂಡ. ನಾನು ಕಾದೆ, ಯಾವಾಗ ಕೂತ, ಯಾಕೆ ಕೂತ, ಎಷ್ಟು ಹೊತ್ತು ಕೂತ ಎಂದು ಕೇಳುತ್ತಾನೆಂದು. ಕೇಳಲಿಲ್ಲ. ಬಾಗಿಲಲ್ಲಿ ಬಾಕಿನ ತುದಿ ಕಾಣುತ್ತಿತ್ತು, ಸಾಹುಕಾರರ ಒಂದು ಕಾಲು ಕಾಣುತ್ತಿತ್ತು. ಆ ಕಾಲು ಮೆಲ್ಲಗೆ ಅಲ್ಲಾಡುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

"ಸಾಕು. ಹೆಬ್ಬಟ್ಟು ಒತ್ತು," ಎಂದು ಪೇಶಕಾರ ಮಸಿಯ ಡಬ್ಬಿ ಮುಂದೆ ತಳ್ಳಿದ.

"ನನಗ ಸಹಿ ಬರ್ತದ," ಎಂದೆ.

ಆ ಒಂದು ಮಾತಿಗೆ ಮಾತ್ರ ನನ್ನ ಬಾಯಿ ತೆರೆಯಿತು. ಲೆಕ್ಕಣಿಕೆ ಹಿಡಿದು, ಅಕ್ಷರ ಒಂದೊಂದನ್ನೂ ಸುತ್ತಿ, ನಿಧಾನವಾಗಿ ಸಹಿ ಮಾಡಿದೆ. ಮೂರು ಇಯತ್ತೆ ಓದಿದ್ದು ಅದಕ್ಕಾದರೂ ಉಪಯೋಗಕ್ಕೆ ಬಂತು. ತಲೆ ಎತ್ತಿದಾಗ ಚಾಚಾ ನನ್ನನ್ನು ನೋಡುತ್ತಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಅವರಿಗೆ ಜೇಲಾಗಲಿಲ್ಲ, ಅಷ್ಟು ದೇವರ ದಯೆ. ನೌಕರಿ ಹೋಯಿತು, ಪಿಂಚಣಿ ಹೋಯಿತು, ಕಚೇರಿಯ ಹಿಂದಿನ ಎರಡು ಕೋಣೆಯ ಮನೆ ಖಾಲಿ ಮಾಡಿ ಹೆಂಡತಿಯ ಜೊತೆ ಶಹಾಬಾದಿಗೆ ಹೋದರು. ಅವರ ಜಾಗ ಖಾಲಿಯಾಯಿತಲ್ಲ, ಅದನ್ನು ನನಗೆ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಇನ್ನೊಬ್ಬ ತಗೊಳ್ಳುತ್ತಿದ್ದ, ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲ ಸಭೆಗೆ ಕುರ್ಚಿ ಹಾಕಿಸಿ, ಅಭ್ಯಾಸದಂತೆ ಮೊದಲನೆಯದರಲ್ಲಿ ಕೂರಲು ಹೋದೆ. ಸುತ್ತ ಯಾರಿದ್ದಾರೆಂದು ನೋಡಿದೆ. ಕೂರದೆಯೇ ಮುಂದೆ ಹೋದೆ. ಆ ನೌಕರಿಯಲ್ಲಿದ್ದ ಏಳು ವರ್ಷವೂ ನಾನು ಯಾವ ಕುರ್ಚಿಯಲ್ಲೂ ಕೂತು ನೋಡಲಿಲ್ಲ. ಬಿಸಿಲು ಬಡಿದವರು ನನಗೆ ಬೈದದ್ದುಂಟು.

ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ವರ್ಷ ಕಚೇರಿಯಲ್ಲಿ ಹಳೆಯ ಕಾಗದಗಳನ್ನು ಕಟ್ಟುತ್ತಿದ್ದರು. ಕೆಲವು ಇಲ್ಲಿರುವವು, ಕೆಲವು ಹೈದರಾಬಾದಿಗೆ ಹೋಗುವವು. ಕೆಲಸ ಕಳೆದುಕೊಂಡವರು ಈಗ ಮತ್ತೆ ಅರ್ಜಿ ಕೊಟ್ಟರೆ ನೋಡುತ್ತಾರಂತೆ, ಆಮೇಲೆ ಕೊಟ್ಟರೆ ಕೇಳುವವರಿಲ್ಲ ಎಂದು ಗುಮಾಸ್ತನೊಬ್ಬ ಹೇಳಿದ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಶಹಾಬಾದಿಗೆ ಹೋದೆ.

ಗಣಿಯ ಪಕ್ಕದ ಓಣಿಯಲ್ಲಿ, ಗೋಣಿತಟ್ಟಿನ ಮಾಡಿನ ಕೆಳಗೆ ಅವರು ಫರಸಿಯ ಅಂಚು ಕೆತ್ತುತ್ತ ಕೂತಿದ್ದರು. ಹುಬ್ಬು, ಗಡ್ಡ, ಎಲ್ಲ ಕಲ್ಲಿನ ಪುಡಿ. ನನ್ನನ್ನು ಗುರುತು ಹಿಡಿದು ಉಳಿ ಕೆಳಗಿಟ್ಟರು. ಮನೆಯಲ್ಲಿ ಅವರೊಬ್ಬರೇ, ಹೆಂಡತಿ ನೀರಿಗೆ ಹೋಗಿದ್ದರು.

"ಬಾ. ಕುಂದ್ರು. ಅಲ್ಲಿ ಬ್ಯಾಡ, ಈ ಕಡಿ ಕುಂದ್ರು, ಗಾಳಿ ಇಲ್ಲಿ ಬರ್ತದ." ಒಳಗೆ ಹೋಗಿ ತಾವೇ ಚಹಾ ಕಾಸಿ ತಂದರು.

ನಾನು ಬಂದ ಕೆಲಸ ಹೇಳಿದೆ. ಅರ್ಜಿ ಬರೆಸೋಣ, ನಾನು ಬಂದು ಉಳಿದ ಮಾತೂ ಹೇಳುತ್ತೇನೆ, ಸಭೆಗೆ ಮುಂಚೆ ಕೂತಿದ್ದರು, ಜಾಗ ನೋಡಲು ಕೂತಿದ್ದರು, ಸಭೆ ನಡೆದಾಗ ನನ್ನ ಪಕ್ಕದಲ್ಲೇ ನಿಂತಿದ್ದರು ಎಂದು ಹೇಳುತ್ತೇನೆ, ಎಂದೆ.

ಅವರು ಗಡ್ಡದ ಪುಡಿ ಕೊಡವಿಕೊಂಡರು. "ಯಾರ ಮುಂದ ಹೇಳ್ತಿ? ಆ ಸಾಹೇಬ್ರು ಹೋದ್ರು. ಪೇಶಕಾರ ಸತ್ತ. ಮತ್ತ ಆ ಬಾಗಲಾಗ ಹೋಗಿ ನಿಂದ್ರಲಿಕ್ಕ ನನಗ ಆಗಂಗಿಲ್ಲಪಾ." ಅಂಗೈಯ ಗುಳ್ಳೆಗಳನ್ನು ತಿಕ್ಕಿಕೊಂಡರು. "ನೌಕರಿ ಮಾತು ಬಿಡು. ನನಗ ಒಂದೇ ಬೇಕು. ಏಳು ವರ್ಷ ಆತು, ನಿಮ್ಮ ಚಾಚೀಗೆ ನಾ ಹೇಳಕೋತ ಬಂದೀನಿ, ಶಿವರಾಯ ಅಂಥಾಂವ ಅಲ್ಲ, ಅವನಿಗೆ ಯಾರೋ ಹೆದರಿಸ್ಯಾರ ಅಂತ. ಆಕಿ ನಂಬಂಗಿಲ್ಲ. ನೌಕರಿ ಮ್ಯಾಲ ಆಸಿ ಇತ್ತು, ಅದಕ್ಕ ಹಂಗ ಮಾಡಿದ ಅಂತಾಳ." ನನ್ನ ಮುಖ ನೋಡಿದರು. "ನಿನಗ ಹೆದರಿಸಿದ್ರು, ಹೌದಿಲ್ಲೊ?"

ಹೆದರಿದ್ದೆ. ಸಾಹುಕಾರರು ಮಕ್ಕಳನ್ನು ಎಣಿಸಿದಾಗಲೇ ಹೆದರಿದ್ದೆ. ಬಾಗಿಲಿನಾಚೆ ಆ ಕಾಲು ಅಲ್ಲಾಡುತ್ತಿದ್ದ ಹೊತ್ತಿಗೆ ಕೇಳದ್ದನ್ನು ಹೇಳುವ ಧೈರ್ಯ ಉಳಿದಿರಲಿಲ್ಲ. ಹೌದು ಚಾಚಾ ಎಂದಿದ್ದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಹಾರೆ ಹಿಡಿದ ಕೈ, ಯಾರಿಗೂ ಬಗ್ಗದ ಕುತ್ತಿಗೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಹೆದರಿದೆ ಎಂಬ ಮಾತು ನನ್ನ ಬಾಯಿಂದ ಆವತ್ತಿನ ತನಕ ಬಂದಿರಲಿಲ್ಲ.

"ಯಾರೂ ಹೆದರಿಸಿಲ್ಲ ಚಾಚಾ," ಎಂದೆ. "ನಾ ಯಾರಿಗೂ ಹೆದರಾಂವ ಅಲ್ಲ."

ಅವರು ತಲೆಯಾಡಿಸಿದರು. "ಹ್ಞಾಂ," ಎಂದರು. "ಚಹಾ ಆರ್ತದ, ಕುಡಿ."

ಕುಡಿದೆ. ಎದ್ದೆ. ಓಣಿಯಲ್ಲಿ ಕೊಡ ಹೊತ್ತ ಅವರ ಹೆಂಡತಿ ಎದುರಾದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಮನೆಯ ಕಡೆ ನಡೆದರು. ಹತ್ತು ಹೆಜ್ಜೆ ಮುಂದೆ ಹೋಗಿದ್ದೆ. ಹಿಂದೆ ಕೊಡ ಇಳಿಸಿದ ಸದ್ದು ಬಂತು. ತಮ್ಮ ಮನೆಮಾತಿನಲ್ಲಿ ಆಕೆ ಕೇಳಿದರು, ಯಾಕೆ ಬಂದಿದ್ದ, ಏನಂದ ಎಂದು.

"ಹೆದರಿಸಿದ್ದರಂತೆ," ಎಂದರು ಚಾಚಾ. "ಈಗ ಬಾಯಿಬಿಟ್ಟು ಹೇಳಿದ. ಪಾಪ, ಅಳುತ್ತಿದ್ದ."

ಉಳಿಯ ಸದ್ದು ಮತ್ತೆ ಶುರುವಾಯಿತು. ನಾನು ತಿರುಗಿ ನೋಡಲಿಲ್ಲ.